ಅಮೆರಿಕದ ಆಡಳಿತ ಕಾರ್ಯವಿಧಾನ: ನಿಯಮ ರೂಪಿಸುವುದಕ್ಕೂ ಒಂದು ನಿಯಮ

ಸರ್ಕಾರದ ಇಲಾಖೆಯೊಂದು ಹೊಸ ನಿಯಮ ರೂಪಿಸುತ್ತದೆ. ಆ ನಿಯಮದಿಂದ ಯಾರ ಉದ್ಯೋಗ, ಪಿಂಚಣಿ, ಪರವಾನಗಿ ಅಥವಾ ವೀಸಾಕ್ಕೆ ಬಾಧೆಯಾಗುವುದೋ ಅವರಿಗೆ ವಿಷಯ ತಿಳಿಯುವುದು ಅದು ಜಾರಿಗೆ ಬರುವ ಮುನ್ನವೋ, ಬಂದ ಬಳಿಕವೋ? ಅವರ ಮಾತನ್ನು ಕೇಳಬೇಕಾದ ಹೊಣೆ ಇಲಾಖೆಗೆ ಉಂಟೋ, ಇಲ್ಲವೋ? ಕೇಳಿದ ಮೇಲೆ ಅದಕ್ಕೆ ಉತ್ತರ ಕೊಡಬೇಕೋ, ಬೇಡವೋ? ಆಡಳಿತ ಕಾರ್ಯವಿಧಾನ ಎಂಬ ಒಣ ಶೀರ್ಷಿಕೆಯಡಿ ಬರುವ ಪ್ರಶ್ನೆಗಳು ಇವು. ಶಾಸನಸಭೆಯಲ್ಲಿ ನಡೆಯುವ ಚರ್ಚೆ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ. ಆದರೆ ಜನಸಾಮಾನ್ಯರ ಬದುಕನ್ನು ನಿತ್ಯವೂ ತಟ್ಟುವ ಬಹುಪಾಲು ನಿರ್ಧಾರಗಳು ಆಗುವುದು ಇಲಾಖೆಗಳ ಕಡತಗಳಲ್ಲಿ.

ಅಮೆರಿಕ ಸಂಯುಕ್ತ ಸಂಸ್ಥಾನದ ಕೇಂದ್ರ ಸರ್ಕಾರ, ಅಂದರೆ ಅಲ್ಲಿನ ಫೆಡರಲ್ ಸರ್ಕಾರ, ಈ ಪ್ರಶ್ನೆಗಳಿಗೆ 1946ರಲ್ಲಿ ಒಂದು ಕಾಯ್ದೆಯ ಮೂಲಕ ಉತ್ತರ ನೀಡಿತು. ಆ ಉತ್ತರವನ್ನು ಕಾಲಕಾಲಕ್ಕೆ ಪರಿಷ್ಕರಿಸಲು 1964ರಲ್ಲಿ ಒಂದು ಪುಟ್ಟ ಸಲಹಾ ಸಂಸ್ಥೆಯನ್ನೂ ಸ್ಥಾಪಿಸಿತು. ‘ಅಡ್ಮಿನಿಸ್ಟ್ರೇಟಿವ್ ಕಾನ್ಫರೆನ್ಸ್’ ಎಂಬ ಹೆಸರಿನ ಈ ಸಂಸ್ಥೆಯನ್ನು ಕನ್ನಡದಲ್ಲಿ ಆಡಳಿತ ಸಮ್ಮೇಳನ ಎನ್ನಬಹುದು. ಕಾನೂನು ತಜ್ಞರ ವಲಯದಾಚೆ ಅಷ್ಟಾಗಿ ಪರಿಚಿತವಲ್ಲದ ಈ ಸಂಸ್ಥೆಯ ಸಾಧನೆ ಮತ್ತು ಮಿತಿಗಳೆರಡೂ ಆಡಳಿತ ಸುಧಾರಣೆಯ ಬಗ್ಗೆ ಆಸಕ್ತಿಯುಳ್ಳವರಿಗೆ ಪಾಠವಾಗಬಲ್ಲವು.

ಕಾನೂನೇ ಇಲ್ಲದ ಮೊಕದ್ದಮೆ

ಅಮೆರಿಕದಲ್ಲಿ ರೈಲ್ವೆ ದರಗಳ ನಿಯಂತ್ರಣಕ್ಕಾಗಿ ಅಂತರರಾಜ್ಯ ವಾಣಿಜ್ಯ ಆಯೋಗ ಸ್ಥಾಪನೆಯಾದದ್ದು 1887ರಲ್ಲಿ. ಆದರೆ ಇಂತಹ ಸಂಸ್ಥೆಗಳ ಸಂಖ್ಯೆ ಒಮ್ಮೆಲೇ ಹೆಚ್ಚಿದ್ದು 1930ರ ದಶಕದ ಮಹಾ ಆರ್ಥಿಕ ಕುಸಿತದ ಬಳಿಕ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ‘ನ್ಯೂ ಡೀಲ್’ ಕಾರ್ಯಕ್ರಮದ ಅಡಿಯಲ್ಲಿ ಷೇರುಪೇಟೆ, ಕಾರ್ಮಿಕ ಸಂಬಂಧ, ದೂರಸಂಪರ್ಕ, ಸಾಮಾಜಿಕ ಭದ್ರತೆ ಹೀಗೆ ಒಂದೊಂದು ಕ್ಷೇತ್ರಕ್ಕೂ ಒಂದೊಂದು ಮಂಡಳಿ ಅಥವಾ ಆಯೋಗ ಹುಟ್ಟಿಕೊಂಡಿತು. ಇವು ನಿಯಮಗಳನ್ನು ರಚಿಸುತ್ತಿದ್ದವು, ಜಾರಿಗೊಳಿಸುತ್ತಿದ್ದವು, ಉಲ್ಲಂಘನೆಯಾದಾಗ ವಿಚಾರಣೆಯನ್ನೂ ನಡೆಸುತ್ತಿದ್ದವು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಮೂರರ ಕೆಲಸವೂ ಒಂದೇ ಸೂರಿನಡಿ ನಡೆಯುತ್ತಿತ್ತು. ಆದರೆ ಆ ಕೆಲಸ ನಡೆಯಬೇಕಾದ ಕ್ರಮದ ಬಗ್ಗೆ ಎಲ್ಲ ಸಂಸ್ಥೆಗಳಿಗೂ ಅನ್ವಯವಾಗುವ ನಿಯಮ ಇರಲಿಲ್ಲ. ಹೊರಡಿಸಿದ ಆದೇಶಗಳು ಒಂದೆಡೆ ಪ್ರಕಟವಾಗುವ ವ್ಯವಸ್ಥೆಯೂ ಇರಲಿಲ್ಲ.

ಈ ಅವ್ಯವಸ್ಥೆಯನ್ನು ಬಯಲಿಗೆ ತಂದದ್ದು ‘ಪನಾಮಾ ರಿಫೈನಿಂಗ್’ ಎಂಬ ತೈಲ ಕಂಪನಿಯ ಪ್ರಕರಣ. ನಿಗದಿತ ಪ್ರಮಾಣಕ್ಕಿಂತ ಹೆಚ್ಚು ತೈಲ ತೆಗೆಯುವುದರ ಮೇಲಿನ ನಿರ್ಬಂಧಗಳನ್ನು ಕುರಿತ ವ್ಯಾಜ್ಯ ಅದು. ಮೊಕದ್ದಮೆ ಸುಪ್ರೀಂ ಕೋರ್ಟ್ ಮೆಟ್ಟಿಲೇರುವ ವೇಳೆಗೆ ಸರ್ಕಾರಿ ವಕೀಲರಿಗೆ ಗೊತ್ತಾದ ಸಂಗತಿ ಎಂದರೆ, ಕ್ರಮ ಜರುಗಿಸಲು ಆಧಾರವಾಗಿದ್ದ ಕಲಮು 1933ರ ತಿದ್ದುಪಡಿ ಆದೇಶವೊಂದರಲ್ಲಿ ಕಣ್ತಪ್ಪಿನಿಂದ ಬಿಟ್ಟುಹೋಗಿತ್ತು. ಅಸ್ತಿತ್ವದಲ್ಲೇ ಇಲ್ಲದ ಕಲಮನ್ನು ಹಿಡಿದು ಸರ್ಕಾರ ಜನರ ಮೇಲೆ ಕ್ರಮ ಕೈಗೊಂಡಿತ್ತು. ಕಾನೂನು ಏನೆಂಬುದು ತೈಲ ತೆಗೆದವರಿಗೂ ತಿಳಿದಿರಲಿಲ್ಲ, ಅದನ್ನು ಜಾರಿಗೊಳಿಸುವವರಿಗೂ ತಿಳಿದಿರಲಿಲ್ಲ, ಕೆಳ ನ್ಯಾಯಾಲಯಗಳಿಗೂ ತಿಳಿದಿರಲಿಲ್ಲ. 1935ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ವಿರುದ್ಧ ತೀರ್ಪು ನೀಡಿತು.

ಅದೇ ವರ್ಷದ ಜುಲೈನಲ್ಲಿ ‘ಫೆಡರಲ್ ರಿಜಿಸ್ಟರ್’ ಕಾಯ್ದೆ ಬಂತು. ನಮ್ಮ ರಾಜಪತ್ರಕ್ಕೆ ಹೋಲಿಸಬಹುದಾದ ಈ ಪತ್ರಿಕೆಯ ಮೊದಲ ಸಂಚಿಕೆ 1936ರ ಮಾರ್ಚ್‌ನಲ್ಲಿ ಹೊರಬಂತು. ಇಲಾಖೆಯ ನಿಯಮ ಜನರಿಗೆ ಅನ್ವಯವಾಗಬೇಕಾದರೆ ಅದು ಮೊದಲು ಅಚ್ಚಾಗಿ ಎಲ್ಲರಿಗೂ ಲಭ್ಯವಾಗಬೇಕು ಎಂಬ ತತ್ತ್ವ ಹೀಗೆ ನೆಲೆಗೊಂಡಿತು. ಆಡಳಿತ ಸುಧಾರಣೆಯ ಮೊದಲ ಮೆಟ್ಟಿಲು ಇದು.

1946ರ ಕಾಯ್ದೆ

ಪ್ರಕಟಣೆಯಷ್ಟೇ ಸಾಲದು, ನಿರ್ಧಾರ ಕೈಗೊಳ್ಳುವ ವಿಧಾನಕ್ಕೂ ಒಂದು ಚೌಕಟ್ಟು ಬೇಕು ಎಂಬ ಒತ್ತಾಯ ಬೆಳೆಯಿತು. 1939ರಲ್ಲಿ ಅಟಾರ್ನಿ ಜನರಲ್ ಒಂದು ಅಧ್ಯಯನ ಸಮಿತಿ ನೇಮಿಸಿದರು. ಮುಂದೆ ವಿದೇಶಾಂಗ ಸಚಿವರಾದ ಡೀನ್ ಅಚೆಸನ್ ಅದರ ಅಧ್ಯಕ್ಷತೆ ವಹಿಸಿದರು. ಕೊಲಂಬಿಯಾ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ವಾಲ್ಟರ್ ಗೆಲ್‌ಹಾರ್ನ್ ಸಂಶೋಧನೆಯ ನಿರ್ದೇಶಕರಾಗಿದ್ದರು. ಸಮಿತಿಯು ಒಂದೊಂದು ಸಂಸ್ಥೆಯ ದೈನಂದಿನ ಕಾರ್ಯವೈಖರಿಯನ್ನು ಪರಿಶೀಲಿಸಿ 27 ಅಧ್ಯಯನ ವರದಿಗಳನ್ನು ಸಿದ್ಧಪಡಿಸಿತು. ಇಲಾಖೆಗಳಿಗೆ ಬಿಗಿಯಾದ ಕಡಿವಾಣ ಹಾಕುವ ಮಸೂದೆಯೊಂದನ್ನು ಸಂಸತ್ತು ಅಂಗೀಕರಿಸಿದಾಗ ರೂಸ್‌ವೆಲ್ಟ್ 1940ರ ಡಿಸೆಂಬರ್‌ನಲ್ಲಿ ವೀಟೊ ಚಲಾಯಿಸಿದರು. ಸಮಿತಿಯ ಅಂತಿಮ ವರದಿ 1941ರಲ್ಲಿ ಬಂತು. ಎರಡನೇ ಮಹಾಯುದ್ಧ ಮುಗಿದ ಬಳಿಕ, 1946ರ ಜೂನ್ 11ರಂದು, ಅಧ್ಯಕ್ಷ ಹ್ಯಾರಿ ಟ್ರೂಮನ್ ಆಡಳಿತ ಕಾರ್ಯವಿಧಾನ ಕಾಯ್ದೆಗೆ ಸಹಿ ಹಾಕಿದರು.

ಈ ಕಾಯ್ದೆಯ ತಿರುಳನ್ನು ಹೀಗೆ ಸಂಗ್ರಹಿಸಬಹುದು:

* ಹೊಸ ನಿಯಮ ರೂಪಿಸುವ ಸಂಸ್ಥೆ ಅದರ ಕರಡನ್ನಾಗಲಿ ಸಾರಾಂಶವನ್ನಾಗಲಿ ಫೆಡರಲ್ ರಿಜಿಸ್ಟರ್‌ನಲ್ಲಿ ಮುಂಚಿತವಾಗಿ ಪ್ರಕಟಿಸಬೇಕು.
* ಆಸಕ್ತರೆಲ್ಲರಿಗೂ ಲಿಖಿತವಾಗಿ ಆಕ್ಷೇಪಣೆ, ಸಲಹೆ ಸಲ್ಲಿಸಲು ಅವಕಾಶ ಕೊಡಬೇಕು.
* ಅವನ್ನು ಪರಿಶೀಲಿಸಿದ ಬಳಿಕ, ನಿಯಮದ ಆಧಾರ ಮತ್ತು ಉದ್ದೇಶವನ್ನು ವಿವರಿಸುವ ಹೇಳಿಕೆಯೊಂದಿಗೆ ಅಂತಿಮ ನಿಯಮ ಹೊರಡಿಸಬೇಕು.
* ಪ್ರಕಟಣೆಗೂ ಜಾರಿಗೂ ನಡುವೆ ಸಾಮಾನ್ಯವಾಗಿ ಕನಿಷ್ಠ 30 ದಿನಗಳ ಅಂತರ ಇರಬೇಕು.
* ವ್ಯಕ್ತಿಗತ ಪ್ರಕರಣಗಳ ವಿಧಿವತ್ತಾದ ವಿಚಾರಣೆ ನಡೆಸುವ ಅಧಿಕಾರಿ, ಅದೇ ಪ್ರಕರಣದ ತನಿಖೆ ಮಾಡಿದವರ ಅಧೀನದಲ್ಲಿ ಇರಬಾರದು.
* ಸಂಸ್ಥೆಯ ನಿರ್ಧಾರ ಸ್ವೇಚ್ಛೆಯದ್ದೋ ವಿವೇಚನಾರಹಿತವೋ ಆಗಿದ್ದರೆ ನ್ಯಾಯಾಲಯ ಅದನ್ನು ರದ್ದುಗೊಳಿಸಬಹುದು.

ಸೇನಾ ವ್ಯವಹಾರ, ವಿದೇಶಾಂಗ, ಇಲಾಖೆಯ ಆಂತರಿಕ ಆಡಳಿತ ಇವುಗಳಿಗೆ ವಿನಾಯಿತಿ ಇದೆ. ಸಾರ್ವಜನಿಕ ಆಸ್ತಿ, ಸಾಲ, ಅನುದಾನ, ಸೌಲಭ್ಯ, ಗುತ್ತಿಗೆಗೆ ಸಂಬಂಧಿಸಿದ ನಿಯಮಗಳನ್ನೂ ಕರಡು ಪ್ರಕಟಣೆಯ ಹೊಣೆಯಿಂದ ಹೊರಗಿಡಲಾಗಿದೆ. ಅಲ್ಲದೆ, ಪೂರ್ವಪ್ರಕಟಣೆ ಅಸಾಧ್ಯ, ಅನವಶ್ಯಕ ಅಥವಾ ಸಾರ್ವಜನಿಕ ಹಿತಕ್ಕೆ ವಿರುದ್ಧ ಎಂಬುದಕ್ಕೆ ‘ಸಕಾರಣ’ ಇದ್ದರೆ ಸಂಸ್ಥೆ ನೇರವಾಗಿ ನಿಯಮ ಹೊರಡಿಸಬಹುದು. ಈ ಕೊನೆಯ ಎರಡು ವಿನಾಯಿತಿಗಳೇ ಮುಂದೆ ಬಹಳಷ್ಟು ವಿವಾದಕ್ಕೆ ಎಡೆ ಮಾಡಿಕೊಟ್ಟವು. 2003ರಿಂದ 2010ರವರೆಗೆ ಹೊರಬಂದ ಪ್ರಮುಖ ನಿಯಮಗಳಲ್ಲಿ ಸುಮಾರು ಶೇ 35ರಷ್ಟಕ್ಕೆ ಕರಡು ಪ್ರಕಟಣೆಯೇ ಆಗಿರಲಿಲ್ಲ ಎಂದು ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2012ರ ವರದಿಯಲ್ಲಿ ತಿಳಿಸಿತು.

ಆಕ್ಷೇಪಣೆ ಸಲ್ಲಿಸುವುದು ಮತದಾನವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಸಾವಿರ ಮಂದಿ ಬೇಡವೆಂದ ಮಾತ್ರಕ್ಕೆ ಕರಡನ್ನು ಕೈಬಿಡಬೇಕೆಂದಿಲ್ಲ. ಆದರೆ ಒಬ್ಬರೇ ಒಬ್ಬರು ಮಹತ್ವದ ದೋಷವೊಂದನ್ನು ಎತ್ತಿ ತೋರಿಸಿದರೂ ಸಂಸ್ಥೆ ಅದಕ್ಕೆ ಉತ್ತರಿಸಬೇಕಾಗುತ್ತದೆ. ಉತ್ತರಿಸದೆ ಮುಂದುವರಿದರೆ ನ್ಯಾಯಾಲಯದಲ್ಲಿ ಅದೇ ಮುಳುವಾಗಬಹುದು. ಕಾಯ್ದೆಯ ನಿಜವಾದ ಬಲ ಇರುವುದು ಈ ಉತ್ತರದಾಯಿತ್ವದಲ್ಲಿ.

ಬೆಂಗಳೂರಿಗೂ ತಟ್ಟಿದ ಪ್ರಕರಣ

ಅಮೆರಿಕದ ಈ ಕಾಯ್ದೆಗೂ ಕನ್ನಡಿಗರಿಗೂ ಏನು ಸಂಬಂಧ ಎಂದು ಕೇಳುವವರಿಗೆ 2020ರ ಒಂದು ಪ್ರಕರಣ ಉತ್ತರವಾಗಬಲ್ಲದು. ಮಾಹಿತಿ ತಂತ್ರಜ್ಞಾನ ಕ್ಷೇತ್ರದ ಸಾವಿರಾರು ಭಾರತೀಯರು ಎಚ್-1ಬಿ ವೀಸಾದ ಮೇಲೆ ಅಮೆರಿಕದಲ್ಲಿ ದುಡಿಯುತ್ತಾರೆ. ಬೆಂಗಳೂರು, ಮೈಸೂರು, ಮಂಗಳೂರುಗಳಿಂದ ಹೋದವರೂ ಅವರಲ್ಲಿ ಇದ್ದಾರೆ. ಈ ವೀಸಾ ಪಡೆದವರಿಗೆ ಉದ್ಯೋಗದಾತರು ಕೊಡಬೇಕಾದ ಕನಿಷ್ಠ ವೇತನದ ಮಟ್ಟವನ್ನು ಅಲ್ಲಿನ ಕಾರ್ಮಿಕ ಇಲಾಖೆ ನಿರ್ಧರಿಸುತ್ತದೆ.

2020ರ ಅಕ್ಟೋಬರ್ 8ರಂದು ಇಲಾಖೆ ಈ ಮಟ್ಟಗಳನ್ನು ಒಮ್ಮೆಲೇ ಏರಿಸುವ ನಿಯಮ ಪ್ರಕಟಿಸಿತು. ಅದು ಆ ದಿನದಿಂದಲೇ ಜಾರಿಗೆ ಬಂತು. ಒಂದು ವೃತ್ತಿಯಲ್ಲಿರುವವರ ವೇತನವನ್ನು ಕೆಳಗಿನಿಂದ ಮೇಲಕ್ಕೆ ನೂರು ಮೆಟ್ಟಿಲುಗಳಾಗಿ ಜೋಡಿಸಿದರೆ, ಹೊಸದಾಗಿ ಕೆಲಸಕ್ಕೆ ಸೇರುವವರ ವೇತನಮಟ್ಟ ಆವರೆಗೆ ಸುಮಾರು 17ನೇ ಮೆಟ್ಟಿಲಿನಲ್ಲಿತ್ತು. ಹೊಸ ನಿಯಮ ಅದನ್ನು 45ನೇ ಮೆಟ್ಟಿಲಿಗೆ ಒಯ್ದಿತು. ಕರಡು ಪ್ರಕಟವಾಗಿರಲಿಲ್ಲ, ಆಕ್ಷೇಪಣೆಗಳನ್ನು ಮುಂಚಿತವಾಗಿ ಕರೆದಿರಲಿಲ್ಲ. ಅದೇ ದಿನ ಆಂತರಿಕ ಭದ್ರತಾ ಇಲಾಖೆಯೂ ಎಚ್-1ಬಿ ಅರ್ಹತೆಯನ್ನು ಬಿಗಿಗೊಳಿಸುವ ಇನ್ನೊಂದು ನಿಯಮವನ್ನು ಇದೇ ರೀತಿ ಹೊರಡಿಸಿತು. ಕೋವಿಡ್ ಪಿಡುಗಿನಿಂದ ಉಂಟಾದ ನಿರುದ್ಯೋಗವೇ ‘ಸಕಾರಣ’ ಎಂಬುದು ಸರ್ಕಾರದ ಸಮರ್ಥನೆಯಾಗಿತ್ತು.

ಅಮೆರಿಕದ ವಾಣಿಜ್ಯ ಮಂಡಳಿ ಹಾಗೂ ಕೆಲವು ವಿಶ್ವವಿದ್ಯಾಲಯಗಳು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದಲ್ಲಿ ಇದನ್ನು ಪ್ರಶ್ನಿಸಿದವು. ಪಿಡುಗು ಕಾಣಿಸಿಕೊಂಡ ಬಳಿಕ ಆರು ತಿಂಗಳಿಗೂ ಹೆಚ್ಚು ಕಾಲ ಸುಮ್ಮನಿದ್ದ ಸರ್ಕಾರ, ಆಕ್ಷೇಪಣೆ ಆಲಿಸಲು ಸಮಯವಿಲ್ಲ ಎನ್ನುವಂತಿಲ್ಲ ಎಂಬುದು ನ್ಯಾಯಾಲಯದ ಅಭಿಪ್ರಾಯವಾಗಿತ್ತು. ಡಿಸೆಂಬರ್ 1ರಂದು ಎರಡೂ ನಿಯಮಗಳು ರದ್ದಾದವು. ವೇತನ ಏರಿಕೆ ಸರಿಯೋ ತಪ್ಪೋ ಎಂಬುದು ತೀರ್ಪಿನ ತಳಹದಿಯಾಗಿರಲಿಲ್ಲ. ಕೇಳಬೇಕಾದವರನ್ನು ಕೇಳದೆ ನಿಯಮ ಮಾಡಿದ್ದೇ ತಪ್ಪೆನಿಸಿತು. ಮತದಾನದ ಹಕ್ಕಿಲ್ಲದ ವಿದೇಶಿ ನೌಕರರಿಗೂ ಕಾರ್ಯವಿಧಾನದ ಕಾಯ್ದೆ ಪರೋಕ್ಷವಾಗಿ ರಕ್ಷಣೆ ಒದಗಿಸಿದ ಸಂದರ್ಭ ಇದು.

ಕಾಯ್ದೆಗೆ ಗಡಿ ಇದೆ ಎಂಬುದೂ ಅಷ್ಟೇ ನಿಜ. 1992ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಅಧ್ಯಕ್ಷರು ಈ ಕಾಯ್ದೆಯ ಅರ್ಥದಲ್ಲಿ ‘ಸಂಸ್ಥೆ’ ಅಲ್ಲ. 2025ರ ಸೆಪ್ಟೆಂಬರ್ 19ರಂದು ಅಧ್ಯಕ್ಷರು ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಪಾವತಿಯನ್ನು ವಿಧಿಸಿದ್ದು ಘೋಷಣೆಯ ಮೂಲಕ. ಎರಡೇ ದಿನಗಳಲ್ಲಿ ಅದು ಜಾರಿಗೆ ಬಂತು. ಅದೇ ವಾರ, ಸೆಪ್ಟೆಂಬರ್ 24ರಂದು, ವೀಸಾ ಲಾಟರಿಯಲ್ಲಿ ಹೆಚ್ಚು ವೇತನದವರಿಗೆ ಆದ್ಯತೆ ನೀಡುವ ಪ್ರಸ್ತಾವ ಮಾತ್ರ ಕರಡು ನಿಯಮವಾಗಿ ಪ್ರಕಟಗೊಂಡು ಆಕ್ಷೇಪಣೆಗೆ ತೆರೆದುಕೊಂಡಿತು. ಒಂದೇ ವೀಸಾ, ಒಂದೇ ವಾರ. ಒಂದು ದಾರಿಯಲ್ಲಿ ಜನರ ಮಾತಿಗೆ ಎಡೆಯಿತ್ತು, ಇನ್ನೊಂದರಲ್ಲಿ ಇರಲಿಲ್ಲ.

ಆಡಳಿತ ಸಮ್ಮೇಳನದ ಸ್ವರೂಪ

1946ರ ಕಾಯ್ದೆ ಚೌಕಟ್ಟನ್ನು ಒದಗಿಸಿತು. ಆದರೆ ಹತ್ತಾರು ಇಲಾಖೆಗಳಲ್ಲಿ ಅದು ಹೇಗೆ ನಡೆಯುತ್ತಿದೆ, ವಿಳಂಬ ಎಲ್ಲಿ ಆಗುತ್ತಿದೆ, ಒಂದು ಇಲಾಖೆಯ ಒಳ್ಳೆಯ ಪದ್ಧತಿಯನ್ನು ಇನ್ನೊಂದಕ್ಕೆ ತಲುಪಿಸುವುದು ಹೇಗೆ ಎಂದು ನೋಡುವವರು ಇರಲಿಲ್ಲ. ಅಧ್ಯಕ್ಷ ಐಸೆನ್‌ಹೋವರ್ 1953ರಲ್ಲಿ, ಅಧ್ಯಕ್ಷ ಕೆನಡಿ 1961ರಲ್ಲಿ ತಾತ್ಕಾಲಿಕ ಸಮ್ಮೇಳನಗಳನ್ನು ಕರೆದರು. ನ್ಯಾಯಾಧೀಶ ಬ್ಯಾರೆಟ್ ಪ್ರೆಟಿಮನ್ ನೇತೃತ್ವದ ಎರಡನೇ ಸಮ್ಮೇಳನವು ಈ ಕೆಲಸಕ್ಕೆ ಕಾಯಂ ಸಂಸ್ಥೆ ಬೇಕೆಂದು ಸಲಹೆ ಮಾಡಿತು. ಅದರಂತೆ 1964ರಲ್ಲಿ ಆಡಳಿತ ಸಮ್ಮೇಳನ ಕಾಯ್ದೆ ಬಂತು. 1968ರಲ್ಲಿ ಜೆರ್ರಿ ವಿಲಿಯಮ್ಸ್ ಮೊದಲ ಅಧ್ಯಕ್ಷರಾಗಿ ಸಂಸ್ಥೆ ಕಾರ್ಯಾರಂಭ ಮಾಡಿತು. ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ಆಂಟೊನಿನ್ ಸ್ಕಾಲಿಯಾ 1972ರಿಂದ 1974ರವರೆಗೆ ಇದರ ಅಧ್ಯಕ್ಷರಾಗಿದ್ದರು.

ಸಂಸ್ಥೆಯ ರಚನೆ ವಿಶಿಷ್ಟವಾದದ್ದು. ಸದಸ್ಯರ ಸಂಖ್ಯೆ 75ಕ್ಕಿಂತ ಕಡಿಮೆ, 101ಕ್ಕಿಂತ ಹೆಚ್ಚು ಇರುವಂತಿಲ್ಲ. ಬಹುಪಾಲು ಸದಸ್ಯರು ಇಲಾಖೆಗಳ ಹಿರಿಯ ಅಧಿಕಾರಿಗಳು. ಮೂರನೇ ಒಂದು ಭಾಗದಿಂದ ಐದನೇ ಎರಡು ಭಾಗದಷ್ಟು ಮಂದಿ ಹೊರಗಿನವರು, ಅಂದರೆ ವಕೀಲರು, ಪ್ರಾಧ್ಯಾಪಕರು, ಇತರ ತಜ್ಞರು. ಇವರಿಗೆ ಸಂಬಳವಿಲ್ಲ. ಅಧ್ಯಕ್ಷರನ್ನು ಅಮೆರಿಕದ ರಾಷ್ಟ್ರಾಧ್ಯಕ್ಷರು ಸೆನೆಟ್‌ನ ಒಪ್ಪಿಗೆ ಪಡೆದು ಐದು ವರ್ಷಗಳ ಅವಧಿಗೆ ನೇಮಿಸುತ್ತಾರೆ. 2010ರ ಬಳಿಕದ ವಾರ್ಷಿಕ ಬಜೆಟ್ ಸುಮಾರು 30 ಲಕ್ಷ ಡಾಲರ್. ಲಕ್ಷಾಂತರ ಕೋಟಿ ಡಾಲರ್ ವೆಚ್ಚದ ಸರ್ಕಾರದಲ್ಲಿ ಇದು ಲೆಕ್ಕಕ್ಕೂ ಬಾರದ ಮೊತ್ತ.

ಒಂದು ಸಮಸ್ಯೆಯನ್ನು ಆಯ್ದುಕೊಂಡು ಸಂಶೋಧಕರಿಂದ ಅಧ್ಯಯನ ಮಾಡಿಸುವುದು, ಸಮಿತಿಯಲ್ಲಿ ಚರ್ಚಿಸುವುದು, ಬಳಿಕ ಪೂರ್ಣ ಸಭೆಯಲ್ಲಿ ಮತಕ್ಕೆ ಹಾಕಿ ಶಿಫಾರಸಾಗಿ ಅಂಗೀಕರಿಸುವುದು, ಇದು ಕೆಲಸದ ಕ್ರಮ. ಶಿಫಾರಸು ಯಾರನ್ನೂ ಕಟ್ಟಿಹಾಕುವುದಿಲ್ಲ. ಇಲಾಖೆ ಒಪ್ಪಬಹುದು, ಬಿಡಬಹುದು. ಸಂಸತ್ತು ಅದನ್ನು ಕಾಯ್ದೆ ಮಾಡಬಹುದು, ಮಾಡದಿರಬಹುದು. ಸಂಸ್ಥೆಯ ಕೈಲಿರುವುದು ಮನವೊಲಿಕೆ ಮಾತ್ರ.

ಶಿಫಾರಸಿನಿಂದ ಶಾಸನಕ್ಕೆ

ಬರೀ ಮನವೊಲಿಕೆಯಿಂದ ಏನಾದೀತು ಎಂಬ ಸಂದೇಹ ಸಹಜ. ಆದರೆ ಸಂಸ್ಥೆಯ ದಾಖಲೆ ಬೇರೆಯದನ್ನೇ ಹೇಳುತ್ತದೆ. ಸಾರ್ವಭೌಮ ಸರ್ಕಾರದ ಮೇಲೆ ಅದರ ಒಪ್ಪಿಗೆಯಿಲ್ಲದೆ ದಾವೆ ಹೂಡುವಂತಿಲ್ಲ ಎಂಬ ಹಳೆಯ ವಾದವನ್ನು ಮುಂದೊಡ್ಡಿ ಇಲಾಖೆಗಳು ನ್ಯಾಯಾಲಯದಿಂದ ತಪ್ಪಿಸಿಕೊಳ್ಳುತ್ತಿದ್ದವು. ಇಲಾಖೆಯ ತಪ್ಪು ಕ್ರಮವನ್ನು ಸರಿಪಡಿಸುವಂತೆ ಕೋರುವ, ಹಣದ ಪರಿಹಾರ ಕೇಳದ ಮೊಕದ್ದಮೆಗಳಿಗೆ ಈ ತಡೆ ಇರಕೂಡದು ಎಂದು ಸಮ್ಮೇಳನ 1969ರಲ್ಲಿ ಶಿಫಾರಸು ಮಾಡಿತು. 1976ರಲ್ಲಿ ಸಂಸತ್ತು 1946ರ ಕಾಯ್ದೆಗೆ ತಿದ್ದುಪಡಿ ತಂದು ಅದನ್ನು ಜಾರಿಗೊಳಿಸಿತು.

ಇನ್ನೊಂದು ಪ್ರಕರಣ ಸ್ವಾರಸ್ಯಕರವಾದುದು. ಅನೇಕ ಕಾಯ್ದೆಗಳ ಅಡಿ ಇಲಾಖೆಯ ಆದೇಶವನ್ನು ದೇಶದ ಯಾವುದೇ ಭಾಗದ ಮೇಲ್ಮನವಿ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದಿತ್ತು. ಎರಡು ಕಡೆ ಅರ್ಜಿ ಸಲ್ಲಿಕೆಯಾದರೆ ಮೊದಲು ದಾಖಲಾದ ನ್ಯಾಯಾಲಯಕ್ಕೇ ಪ್ರಕರಣ ಹೋಗುತ್ತಿತ್ತು. ಹಾಗಾಗಿ ಆದೇಶ ಹೊರಬಿದ್ದ ಕ್ಷಣವೇ ತಮಗೆ ಅನುಕೂಲವಾದ ನ್ಯಾಯಾಲಯದಲ್ಲಿ ಮೊದಲು ಅರ್ಜಿ ಹಾಕಲು ಕಂಪನಿಗಳ ವಕೀಲರು ಒಂದೆಡೆ, ಕಾರ್ಮಿಕ ಸಂಘಗಳ ವಕೀಲರು ಇನ್ನೊಂದೆಡೆ ಓಟಕ್ಕೆ ನಿಲ್ಲುತ್ತಿದ್ದರು. ಸೆಕೆಂಡುಗಳ ಅಂತರದ ಬಗ್ಗೆಯೇ ವಾದ ನಡೆಯುತ್ತಿತ್ತು. ಇದನ್ನು ಕೊನೆಗಾಣಿಸಲು 1980ರಲ್ಲಿ ಸಮ್ಮೇಳನ ಸುಲಭ ಉಪಾಯ ಸೂಚಿಸಿತು. ಮೊದಲ ಹತ್ತು ದಿನಗಳಲ್ಲಿ ಬಂದ ಅರ್ಜಿಗಳನ್ನೆಲ್ಲ ಸಮಾನವೆಂದು ಎಣಿಸಿ, ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ನ್ಯಾಯಾಲಯವನ್ನು ಆರಿಸುವುದು. 1988ರಲ್ಲಿ ಇದು ಕಾನೂನಾಯಿತು. ಓಟ ನಿಂತಿತು.

ಕರಡು ಸಿದ್ಧವಾಗುವ ಮುನ್ನವೇ ಬಾಧಿತರನ್ನೆಲ್ಲ ಕೂರಿಸಿ ಮಾತುಕತೆಯ ಮೂಲಕ ನಿಯಮ ರೂಪಿಸುವ ವಿಧಾನವನ್ನು ಸಮ್ಮೇಳನ 1982ರಲ್ಲಿ ಶಿಫಾರಸು ಮಾಡಿತು. ಇಲಾಖೆಗಳ ವ್ಯಾಜ್ಯಗಳನ್ನು ಮಧ್ಯಸ್ಥಿಕೆ, ಸಂಧಾನದ ಮೂಲಕ ಬಗೆಹರಿಸುವ ಬಗ್ಗೆ 1986ರಲ್ಲಿ ಶಿಫಾರಸು ನೀಡಿತು. ಇವೆರಡಕ್ಕೂ 1990ರಲ್ಲಿ ಪ್ರತ್ಯೇಕ ಕಾಯ್ದೆಗಳು ಬಂದವು.

ಮುಚ್ಚಿ ತೆರೆದ ಬಾಗಿಲು

ಸುಮಾರು 200 ಶಿಫಾರಸುಗಳನ್ನು ನೀಡಿದ್ದ ಈ ಸಂಸ್ಥೆಗೆ 1995ರಲ್ಲಿ ಸಂಸತ್ತು ಹಣ ನಿಲ್ಲಿಸಿತು. ಬಜೆಟ್ ಕಡಿತದ ಹುಮ್ಮಸ್ಸಿನ ದಿನಗಳವು. ಸ್ಥಾಪನಾ ಕಾಯ್ದೆ ರದ್ದಾಗಲಿಲ್ಲ, ಅನುದಾನ ಮಾತ್ರ ನಿಂತಿತು. ಅಕ್ಟೋಬರ್ 31ರಂದು ಕಚೇರಿ ಮುಚ್ಚಿತು. ಹದಿನಾಲ್ಕು ವರ್ಷಗಳ ಕಾಲ ಅದು ಕಾಗದದ ಮೇಲಷ್ಟೇ ಉಳಿದಿತ್ತು.

2004ರ ಮೇ ತಿಂಗಳಲ್ಲಿ ಅಪರೂಪದ ಸನ್ನಿವೇಶವೊಂದು ಕಂಡುಬಂತು. ಸಂಸ್ಥೆಯ ಪುನರುಜ್ಜೀವನ ಕುರಿತ ಸಂಸದೀಯ ಉಪಸಮಿತಿಯ ಮುಂದೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಜತೆಯಾಗಿ ಹಾಜರಾದರು. ಒಬ್ಬರು ಸಂಪ್ರದಾಯವಾದಿಗಳ ಮುಂಚೂಣಿಯಲ್ಲಿದ್ದ ಸ್ಕಾಲಿಯಾ, ಇನ್ನೊಬ್ಬರು ಉದಾರವಾದಿ ಬಣದ ಸ್ಟೀಫನ್ ಬ್ರೇಯರ್. ನ್ಯಾಯಾಲಯದಲ್ಲಿ ಹಲವು ವಿಷಯಗಳಲ್ಲಿ ಎದುರುಬದುರಾಗಿದ್ದ ಇಬ್ಬರೂ ಈ ಸಂಸ್ಥೆ ಬೇಕೆಂಬ ವಿಷಯದಲ್ಲಿ ಒಂದೇ ಅಭಿಪ್ರಾಯದವರಾಗಿದ್ದರು. ಅದೇ ವರ್ಷ ಸಂಸತ್ತು ಮತ್ತೆ ಅಧಿಕಾರ ನೀಡಿತು. ಆದರೆ ಹಣ ಬಿಡುಗಡೆಯಾದದ್ದು 2009ರಲ್ಲಿ. 2010ರಲ್ಲಿ ಪಾಲ್ ವರ್ಕುಲ್ ಅಧ್ಯಕ್ಷರಾಗಿ ಕಚೇರಿ ಮತ್ತೆ ತೆರೆಯಿತು.

ಪುನರಾರಂಭದ ಬಳಿಕ ಸಮ್ಮೇಳನ ಹೊಸ ಕಾಲದ ಸಮಸ್ಯೆಗಳತ್ತ ಗಮನ ಹರಿಸಿತು. ವಿಡಿಯೊ ಮೂಲಕ ವಿಚಾರಣೆ ನಡೆಸುವ ಬಗ್ಗೆ 2011ರಲ್ಲಿ, ಅಂಗವೈಕಲ್ಯ ಪಿಂಚಣಿ ಪ್ರಕರಣಗಳ ವಿಚಾರಣೆಯ ಬಗ್ಗೆ 2013ರಲ್ಲಿ, ನಿಯಮಗಳನ್ನು ಸರಳ ಭಾಷೆಯಲ್ಲಿ ಬರೆಯುವ ಬಗ್ಗೆ 2017ರಲ್ಲಿ ಶಿಫಾರಸುಗಳು ಬಂದವು. ಇಲಾಖೆಗಳು ಕೃತಕ ಬುದ್ಧಿಮತ್ತೆ ಬಳಸುವಾಗ ವಹಿಸಬೇಕಾದ ಎಚ್ಚರಗಳನ್ನು ಕುರಿತು 2020ರಲ್ಲಿ ಹೇಳಿಕೆ ಹೊರಡಿಸಿತು. ಇವು ಎಷ್ಟು ಅಗತ್ಯವಾಗಿದ್ದವು ಎಂಬುದಕ್ಕೆ ಸಾಮಾಜಿಕ ಭದ್ರತಾ ಇಲಾಖೆಯೊಂದೇ ಸಾಕ್ಷಿ. 2017ರ ಸುಮಾರಿಗೆ ಅಲ್ಲಿ ವಿಚಾರಣೆಗಾಗಿ ಕಾಯುತ್ತಿದ್ದ ಪ್ರಕರಣಗಳ ಸಂಖ್ಯೆ 10 ಲಕ್ಷ ಮೀರಿತ್ತು, ಸರಾಸರಿ ಕಾಯುವಿಕೆ ಒಂದೂವರೆ ವರ್ಷಕ್ಕೂ ಹೆಚ್ಚಿತ್ತು. ಕಾಯುತ್ತಿದ್ದವರು ದುಡಿಯಲಾಗದ ಸ್ಥಿತಿಯಲ್ಲಿರುವುದಾಗಿ ಅರ್ಜಿ ಹಾಕಿದವರು ಎಂಬುದನ್ನು ಮರೆಯುವಂತಿಲ್ಲ.

ಒಂದು ಸಹಿಯಿಂದ ಹೋದ ಪದ್ಧತಿ

ಕಾಯ್ದೆಯಾದ ಶಿಫಾರಸಿಗೂ ಕೇವಲ ಪದ್ಧತಿಯಾಗಿ ಉಳಿದ ಶಿಫಾರಸಿಗೂ ಇರುವ ವ್ಯತ್ಯಾಸ 2025ರಲ್ಲಿ ಸ್ಪಷ್ಟವಾಯಿತು. ಅನುದಾನ ಮತ್ತು ಸೌಲಭ್ಯಗಳ ನಿಯಮಗಳಿಗೆ 1946ರ ಕಾಯ್ದೆ ವಿನಾಯಿತಿ ನೀಡಿದ್ದನ್ನು ಮೇಲೆ ಹೇಳಲಾಗಿದೆ. ಬಡವರು, ವೃದ್ಧರು, ರೋಗಿಗಳಿಗೆ ಹೆಚ್ಚು ಸಂಬಂಧಿಸಿದ ನಿಯಮಗಳೇ ಹೀಗೆ ಹೊರಗುಳಿಯುವುದು ಸರಿಯಲ್ಲ, ಈ ವಿನಾಯಿತಿಯನ್ನು ತೆಗೆದುಹಾಕಬೇಕು ಎಂದು ಸಮ್ಮೇಳನ 1969ರಲ್ಲೇ ಶಿಫಾರಸು ಮಾಡಿತ್ತು. ಸಂಸತ್ತು ಕಾಯ್ದೆ ತಿದ್ದಲಿಲ್ಲ. ಆದರೆ ಅಂದಿನ ಆರೋಗ್ಯ, ಶಿಕ್ಷಣ ಮತ್ತು ಕಲ್ಯಾಣ ಸಚಿವ ಎಲಿಯಟ್ ರಿಚರ್ಡ್‌ಸನ್ 1971ರಲ್ಲಿ ತಮ್ಮ ಇಲಾಖೆ ಸ್ವಇಚ್ಛೆಯಿಂದ ಈ ವಿನಾಯಿತಿಯನ್ನು ಬಿಟ್ಟುಕೊಡುವುದಾಗಿ ಪ್ರಕಟಿಸಿದರು. ಅಂದಿನಿಂದ ಐದು ದಶಕಗಳಿಗೂ ಹೆಚ್ಚು ಕಾಲ ಆರೋಗ್ಯ ಇಲಾಖೆ ಅನುದಾನದ ನಿಯಮಗಳಿಗೂ ಆಕ್ಷೇಪಣೆ ಆಹ್ವಾನಿಸುತ್ತ ಬಂತು.

2025ರ ಮಾರ್ಚ್ 3ರಂದು ಪ್ರಕಟವಾದ ಹೇಳಿಕೆಯೊಂದರ ಮೂಲಕ ಆರೋಗ್ಯ ಇಲಾಖೆ ಈ ನೀತಿಯನ್ನು ಹಿಂತೆಗೆದುಕೊಂಡಿತು. ಸಂಸತ್ತಿನ ಒಪ್ಪಿಗೆ ಬೇಕಾಗಲಿಲ್ಲ, ಏಕೆಂದರೆ ಕಾಯ್ದೆಯಲ್ಲಿ ಇದು ಇರಲೇ ಇಲ್ಲ. ಹಿರಿಯ ನಾಗರಿಕರ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಸ್ಥಿತಿ ಇದಕ್ಕೆ ವ್ಯತಿರಿಕ್ತ. ಆಕ್ಷೇಪಣೆ ಆಹ್ವಾನಿಸಬೇಕೆಂಬ ಷರತ್ತು ಮೆಡಿಕೇರ್‌ನ ಮೂಲ ಶಾಸನದಲ್ಲೇ ಪ್ರತ್ಯೇಕವಾಗಿ ಇರುವುದರಿಂದ ಅದು ಹಾಗೇ ಉಳಿಯಿತು. ಒಂದೇ ಇಲಾಖೆಯ ಎರಡು ಕಾರ್ಯಕ್ರಮಗಳಲ್ಲಿ, ಶಾಸನದಲ್ಲಿ ಬರೆದದ್ದು ಉಳಿಯಿತು, ಸಚಿವರ ಸೌಜನ್ಯದಿಂದ ಬಂದದ್ದು ಇನ್ನೊಬ್ಬ ಸಚಿವರ ಕಾಲದಲ್ಲಿ ಹೋಯಿತು.

ಕಾರ್ಯವಿಧಾನ ಹೆಚ್ಚಾದಷ್ಟೂ ಆಡಳಿತ ನಿಧಾನವಾಗುತ್ತದೆ ಎಂಬ ಟೀಕೆಯನ್ನು ಇಲ್ಲಿ ಕಡೆಗಣಿಸುವಂತಿಲ್ಲ. ದೊಡ್ಡ ನಿಯಮವೊಂದು ಅಂತಿಮಗೊಳ್ಳಲು ವರ್ಷಗಳೇ ಹಿಡಿಯುತ್ತವೆ. ಕಾಲಾವಕಾಶ, ವಕೀಲರು, ಹಣ ಇರುವ ದೊಡ್ಡ ಕಂಪನಿಗಳೇ ಈ ಅವಕಾಶವನ್ನು ಹೆಚ್ಚು ಬಳಸಿಕೊಳ್ಳುತ್ತವೆ ಎಂಬ ದೂರೂ ಇದೆ. ಅಂತರಜಾಲ ಬಂದ ಮೇಲೆ ಇನ್ನೊಂದು ತೊಡಕು ಸೇರಿಕೊಂಡಿತು. 2003ರಲ್ಲಿ ಸರ್ಕಾರ ಆಕ್ಷೇಪಣೆ ಸ್ವೀಕರಿಸಲು ‘ರೆಗ್ಯುಲೇಷನ್ಸ್ ಡಾಟ್ ಗವ್’ ಎಂಬ ಒಂದೇ ತಾಣವನ್ನು ತೆರೆದಾಗ ಜನರ ಭಾಗವಹಿಸುವಿಕೆ ಹೆಚ್ಚುವುದೆಂಬ ನಿರೀಕ್ಷೆ ಇತ್ತು. ಆದರೆ 2017ರಲ್ಲಿ ದೂರಸಂಪರ್ಕ ಆಯೋಗವು ಅಂತರಜಾಲ ಸಮಾನತೆಯ ನಿಯಮಗಳ ಬಗ್ಗೆ ತನ್ನದೇ ತಾಣದಲ್ಲಿ ಅಭಿಪ್ರಾಯ ಕೇಳಿದಾಗ 2.2 ಕೋಟಿಗೂ ಹೆಚ್ಚು ಸಲ್ಲಿಕೆಗಳು ಬಂದವು. ಅವುಗಳಲ್ಲಿ ಸುಮಾರು 1.8 ಕೋಟಿ ನಕಲಿ ಎಂದು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ 2021ರಲ್ಲಿ ವರದಿ ನೀಡಿತು. ನಕಲಿಗಳು ವಿವಾದದ ಎರಡೂ ಕಡೆ ಇದ್ದವು. ಕಾಲೇಜು ವಿದ್ಯಾರ್ಥಿಯೊಬ್ಬನೇ 70 ಲಕ್ಷಕ್ಕೂ ಹೆಚ್ಚು ನಕಲಿ ಅಭಿಪ್ರಾಯ ಸಲ್ಲಿಸಿದ್ದ. ಒಂದೇ ಬಗೆಯ ಸಲ್ಲಿಕೆಗಳನ್ನು ಬೇರ್ಪಡಿಸುವುದು, ತಮ್ಮ ಹೆಸರು ದುರ್ಬಳಕೆಯಾದವರಿಗೆ ಅದನ್ನು ತೆಗೆಸುವ ದಾರಿ ಒದಗಿಸುವುದು ಮುಂತಾದ ಕ್ರಮಗಳನ್ನು ಸಮ್ಮೇಳನ ಅದೇ ವರ್ಷ ಶಿಫಾರಸು ಮಾಡಿತು.

ಭಾರತದ ಅನುಭವ

ಆಡಳಿತ ಸುಧಾರಣೆಯ ವಿಷಯದಲ್ಲಿ ಭಾರತಕ್ಕೂ ಅಮೆರಿಕಕ್ಕೂ ಹಳೆಯ ನಂಟಿದೆ. ನೆಹರೂ ಸರ್ಕಾರದ ಆಹ್ವಾನದ ಮೇರೆಗೆ ಅಮೆರಿಕದ ಆಡಳಿತ ತಜ್ಞ ಪಾಲ್ ಆಪಲ್‌ಬಿ 1953 ಮತ್ತು 1956ರಲ್ಲಿ ವರದಿಗಳನ್ನು ನೀಡಿದರು. ಮೊದಲ ವರದಿಯ ಫಲವಾಗಿ 1954ರಲ್ಲಿ ದೆಹಲಿಯಲ್ಲಿ ಭಾರತೀಯ ಸಾರ್ವಜನಿಕ ಆಡಳಿತ ಸಂಸ್ಥೆ ಸ್ಥಾಪನೆಯಾಯಿತು. 1966ರಲ್ಲಿ ನೇಮಕವಾದ ಮೊದಲ ಆಡಳಿತ ಸುಧಾರಣಾ ಆಯೋಗಕ್ಕೆ ಮೊರಾರ್ಜಿ ದೇಸಾಯಿ ಅವರ ನಂತರ ಅಧ್ಯಕ್ಷರಾದವರು ವಿಧಾನಸೌಧದ ನಿರ್ಮಾತೃ ಕೆಂಗಲ್ ಹನುಮಂತಯ್ಯ. 2005ರಲ್ಲಿ ರಚನೆಯಾದ ಎರಡನೇ ಆಯೋಗದ ಅಧ್ಯಕ್ಷತೆ ವಹಿಸಿದವರು ಎಂ. ವೀರಪ್ಪ ಮೊಯಿಲಿ. ಎರಡೂ ಆಯೋಗಗಳಿಗೆ ನಮ್ಮ ರಾಜ್ಯದ ಮಾಜಿ ಮುಖ್ಯಮಂತ್ರಿಗಳು ನೇತೃತ್ವ ನೀಡಿದ್ದು ಗಮನಾರ್ಹ. ಮೊದಲ ಆಯೋಗ 20 ವರದಿಗಳನ್ನು, ಎರಡನೆಯದು 15 ವರದಿಗಳನ್ನು ಸಲ್ಲಿಸಿತು.

ಆದರೆ ಆಯೋಗಗಳು ವರದಿ ಸಲ್ಲಿಸಿ ವಿಸರ್ಜನೆಗೊಳ್ಳುತ್ತವೆ. ಎರಡರ ನಡುವೆ ಸುಮಾರು ನಾಲ್ಕು ದಶಕಗಳು ಉರುಳಿದವು. ಶಿಫಾರಸನ್ನು ಬೆನ್ನು ಹತ್ತುವ, ವರ್ಷವೂ ಒಂದಿಷ್ಟು ತಿದ್ದುವ, ಹೊರಗಿನ ತಜ್ಞರನ್ನೂ ಅಧಿಕಾರಿಗಳನ್ನೂ ಒಂದೇ ಮೇಜಿನ ಸುತ್ತ ಕೂರಿಸುವ ಶಾಸನಬದ್ಧ ಕಾಯಂ ಸಂಸ್ಥೆ ಕೇಂದ್ರದಲ್ಲಿ ಇಲ್ಲ. ಎಲ್ಲ ಇಲಾಖೆಗಳಿಗೂ ಅನ್ವಯವಾಗುವ ಆಡಳಿತ ಕಾರ್ಯವಿಧಾನ ಕಾಯ್ದೆಯೂ ಇಲ್ಲ. 2014ರ ಜನವರಿಯಲ್ಲಿ ಕೇಂದ್ರವು ಮಸೂದೆ ಹಾಗೂ ನಿಯಮಗಳ ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡುವ ನೀತಿ ರೂಪಿಸಿತು. ಅದು ನೀತಿಯೇ ಹೊರತು ಕಾಯ್ದೆಯಲ್ಲ.

ನಿರ್ದಿಷ್ಟ ಶಾಸನದಲ್ಲಿ ಕರಡು ಪ್ರಕಟಣೆಯ ಹೊಣೆ ಬರೆದಿರುವ ಕಡೆ ಪರಿಸ್ಥಿತಿ ಬೇರೆ. ಪರಿಸರ ಪರಿಣಾಮ ಅಂದಾಜಿನ 2020ರ ಕರಡು ಅಧಿಸೂಚನೆ ಇದಕ್ಕೆ ನಿದರ್ಶನ. ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಪ್ರಕಟವಾಗಿದ್ದ ಅದನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಿಗೆ ಅನುವಾದಿಸುವಂತೆ ದೆಹಲಿ ಹೈಕೋರ್ಟ್ 2020ರ ಜೂನ್ 30ರಂದು ಆದೇಶಿಸಿ ಆಕ್ಷೇಪಣೆಯ ಅವಧಿಯನ್ನೂ ವಿಸ್ತರಿಸಿತು. ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ತಡೆ ನೀಡಿತು. ತನ್ನ ಊರಿನ ಪಕ್ಕದ ಗಣಿ ಅಥವಾ ಕಾರ್ಖಾನೆಯ ಬಗೆಗಿನ ನಿಯಮವನ್ನು ತನಗೆ ಅರ್ಥವಾಗುವ ಭಾಷೆಯಲ್ಲಿ ಓದಲಾಗದವನಿಗೆ ಆಕ್ಷೇಪಣೆಯ ಹಕ್ಕು ಇದ್ದೂ ಇಲ್ಲದಂತೆ ಎಂಬುದು ಈ ಪ್ರಕರಣದಿಂದ ಮನವರಿಕೆಯಾಯಿತು.

ರಾಜ್ಯದ ಮಟ್ಟದಲ್ಲಿ 2011ರ ಸಕಾಲ ಕಾಯ್ದೆಯನ್ನೂ ಇದೇ ದೃಷ್ಟಿಯಿಂದ ನೋಡಬಹುದು. ಜಾತಿ ಪ್ರಮಾಣಪತ್ರವೋ ಪಡಿತರ ಚೀಟಿಯೋ ಇಂತಿಷ್ಟು ದಿನಗಳಲ್ಲಿ ಸಿಗಬೇಕು, ತಡವಾದರೆ ಮೇಲ್ಮನವಿಗೆ ಅವಕಾಶವಿರಬೇಕು ಎಂಬುದು ಅಲ್ಲಿ ಅಧಿಕಾರಿಯ ಕೃಪೆಯಲ್ಲ, ಶಾಸನದ ಮಾತು. ಆದರೆ ಸಕಾಲ ಸೇವೆಯ ಅವಧಿಯನ್ನು ನಿಗದಿಪಡಿಸುತ್ತದೆಯೇ ಹೊರತು ಆ ಸೇವೆಯ ನಿಯಮಗಳನ್ನು ರೂಪಿಸುವಾಗ ಜನರನ್ನು ಕೇಳುವ ವಿಧಾನವನ್ನಲ್ಲ.

ಓದುಗರು ತಿಳಿದಿರಬೇಕಾದದ್ದು

ಅಮೆರಿಕದ ಕಾಯ್ದೆ ಆಕ್ಷೇಪಣೆ ಸಲ್ಲಿಸುವ ಅವಕಾಶವನ್ನು ‘ಆಸಕ್ತ ವ್ಯಕ್ತಿ’ಗಳಿಗೆ ನೀಡುತ್ತದೆ, ಪೌರತ್ವವನ್ನು ಷರತ್ತಾಗಿ ಒಡ್ಡುವುದಿಲ್ಲ. ವೀಸಾ ಅಥವಾ ವಿದ್ಯಾರ್ಥಿಗಳ ವಾಸ್ತವ್ಯಕ್ಕೆ ಸಂಬಂಧಿಸಿದ ಕರಡು ಪ್ರಕಟವಾದಾಗ ಅಲ್ಲಿ ನೆಲೆಸಿರುವ ಕನ್ನಡಿಗರಷ್ಟೇ ಅಲ್ಲ, ಇಲ್ಲಿರುವವರೂ ನಿಗದಿತ ಅವಧಿಯೊಳಗೆ ಸರ್ಕಾರಿ ತಾಣದ ಮೂಲಕ ಅಭಿಪ್ರಾಯ ಸಲ್ಲಿಸಬಹುದು. ಒಂದೇ ಒಕ್ಕಣೆಯ ಸಾವಿರ ಪತ್ರಗಳಿಗಿಂತ, ನಿಯಮದಿಂದ ಆಗುವ ನಿರ್ದಿಷ್ಟ ತೊಂದರೆಯನ್ನು ವಿವರ ಸಹಿತ ತಿಳಿಸುವ ಒಂದು ಪತ್ರಕ್ಕೆ ಹೆಚ್ಚು ಬೆಲೆಯಿದೆ. ನಮ್ಮ ದೇಶದಲ್ಲೂ ರಾಜಪತ್ರದಲ್ಲಿ ಕರಡು ಅಧಿಸೂಚನೆಗಳು ಆಗಾಗ ಪ್ರಕಟವಾಗುತ್ತಲೇ ಇರುತ್ತವೆ, ಆಕ್ಷೇಪಣೆಯ ಕೊನೆಯ ದಿನಾಂಕವೂ ಅದರಲ್ಲಿರುತ್ತದೆ. ಆ ದಿನಾಂಕ ಕಳೆದ ಮೇಲೆ ನಡೆಸುವ ಪ್ರತಿಭಟನೆಗಿಂತ ಅದಕ್ಕೂ ಮೊದಲು ಬರೆದ ಒಂದು ಪುಟ ಹೆಚ್ಚು ಉಪಯುಕ್ತವಾಗಬಲ್ಲದು.